ಕಾಡುಗೇರಿನ ಗುರುತು

ಸತ್ತವನ ಏಳು ಅಂಗಿ ನನ್ನ ಹತ್ತಿರವೇ ಉಳಿದವು.
ಸೋಮವಾರ ಕೊಡಬೇಕಿತ್ತು. ಭಾನುವಾರವೇ ಸತ್ತ.

ಯುದ್ಧದ ಮೂರನೇ ವರ್ಷ. ಪಾಲಿಬೆಟ್ಟದಲ್ಲಿ
ಹೂಮಳೆ ಬಿದ್ದು ಎಂಟು ದಿನ; ತೋಟವೆಲ್ಲ ಬೆಳ್ಳಗೆ,
ಯಾರೋ ನೀಲಿ ಹಾಕದೆ ಒಗೆದು ಹರವಿದ ಹಾಗೆ.
ಆ ಘಮದಲ್ಲಿ ಬೇರೆ ಯಾವ ವಾಸನೆಯೂ ನಿಲ್ಲದು.
ಬಿಳಿಯರ ಕ್ಲಬ್ಬಿನ ಬಿಲಿಯರ್ಡ್ ಮೇಜಿಗೆ ತಲೆಯಿಟ್ಟು
ಕಾಫಿ ಕೊಳ್ಳಲು ಬಂದ ಲಾಕಿ ದೊರೆ ಸತ್ತಿದ್ದ,
ಪಕ್ಕದಲ್ಲಿ ಅರ್ಧ ಕುಡಿದ ಕಪ್ಪು.
ಸ್ಕಾಟ್ಲೆಂಡಿನಿಂದ ನೆಟ್ಟಗೆ ಬಂದವನಂತೆ,
ಬೊಂಬಾಯಿಯಲ್ಲಿ ಇಳಿದು, ಮೈಸೂರಿನ ರೈಲು ಹಿಡಿದು.
ಹಾಗಂತ ಅವನೇ ಹೇಳಿಕೊಂಡಿದ್ದ.

ಮದರಾಸಿನಿಂದ ಪತ್ತೇದಾರ ಬಂದ, ಪೆನ್ರಿ ದೊರೆ.
ಸಪೂರ ಆಳು, ಕಿತ್ತಳೆ ಸುಲಿಯುತ್ತಲೇ ಪ್ರಶ್ನೆ ಕೇಳುವವನು.
ಬೂದಿಯನ್ನು ಲಕೋಟೆಗೆ ತುಂಬಿದ, ಕಪ್ಪಿನ ತಳವನ್ನು ಬಾಟಲಿಗೆ.
ಕೆಮ್ಮಣ್ಣಿನ ಹೆಜ್ಜೆಗೆ ಅಳತೆಪಟ್ಟಿ ಇಟ್ಟ.
ಕಾರ್ಯದರ್ಶಿಯನ್ನು ಕೇಳಿದ, ಡಾಕ್ಟರನ್ನು ಕೇಳಿದ,
ತಂತಿ ಗುಮಾಸ್ತ ಉತ್ತಯ್ಯನನ್ನು ಎರಡು ಸಲ ಕೇಳಿದ,
ಕುದುರೆ ಲಾಯದ ಹುಡುಗನನ್ನೂ ಬಿಡಲಿಲ್ಲ.
ಬಟ್ಟೆ ಒಗೆಯುವ ಬೆಳ್ಳಿಯನ್ನು ಯಾರು ಕೇಳುತ್ತಾರೆ!

ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ, ಅದು ಬೇರೆ.

ನಮ್ಮದೂ ಒಂದು ಲಿಪಿ ಉಂಟು. ಕಾಡುಗೇರಿನ ಕಾಯಿಗೆ
ಸೂಜಿ ಚುಚ್ಚಿ, ಕಾಲರಿನ ಒಳಮಗ್ಗುಲಲ್ಲಿ ಚುಕ್ಕಿ;
ಮೇಲೆ ಸುಣ್ಣ. ಆಮೇಲೆ ಉಬ್ಬೆಗೆ ಹಾಕು, ಚೌಳಲ್ಲಿ ಅದ್ದು,
ಕಲ್ಲಿಗೆ ನೂರು ಸಲ ಬಡಿ. ಬಟ್ಟೆ ಹರಿದೀತು,
ಗುರುತು ಹೋಗದು.
ಲಾಕಿ ದೊರೆಗೆ ನಾನಿಟ್ಟದ್ದು ಎರಡು ಚುಕ್ಕಿ, ಒಂದು ಗೀಟು.
ಅದರ ಕೆಳಗೆ ಹಳೆಯದೊಂದಿತ್ತು: ಗಾಳದ ಕೊಕ್ಕೆ, ಮೂರು ಚುಕ್ಕಿ.
ಕೊಕ್ಕೆ ನನ್ನ ಮೈದುನನ ಕೈ.
ಜಗಳಾಡಿ ಮನೆ ಬಿಟ್ಟವನು, ಗೋವೆಯ ಬಂದರಿನಲ್ಲಿ
ಹಡಗಿನವರ ಬಟ್ಟೆ ಒಗೆಯುತ್ತಾನೆಂದು ಕೇಳಿದ್ದೆವು.
ಅಲ್ಲಿ ಪೋರ್ಚುಗೀಸರ ನೀರಲ್ಲಿ ಜರ್ಮನಿಯ ಹಡಗುಗಳು
ದೊಡ್ಡಿಗೆ ಸೇರಿದ ತುಡುಗು ದನದ ಹಾಗೆ ನಿಂತಿವೆಯಂತೆ,
ಹೊರಗೆ ಬಂದರೆ ಇಂಗ್ಲಿಷರ ಫಿರಂಗಿ.
ಸ್ಕಾಟ್ಲೆಂಡಿನ ಅಂಗಿ ಅಲ್ಲಿ ಯಾಕೆ ಒದ್ದೆಯಾಯಿತು?

ಮೂರನೇ ದಿನ ಬಟ್ಲರ್ ಮೊಯ್ದುವನ್ನು ಹಿಡಿದರು.
ಕಾಫಿ ಕೊಟ್ಟವನು ಅವನು; ಅಷ್ಟು ಸಾಕಾಯಿತು.
ಬೀಪಾತುಮ್ಮ ಮಗುವನ್ನು ಮಡಿಲಿಗೆ ಹಾಕಿಕೊಂಡು
ಕ್ಲಬ್ಬಿನ ಗೇಟಿನಲ್ಲಿ ಕೂತಳು. ಅಳಲಿಲ್ಲ.
ಪೆನ್ರಿ ದೊರೆ ಕಿತ್ತಳೆ ಸುಲಿಯುತ್ತ ಅವಳನ್ನು ದಾಟಿ ಹೋದ.

ಅದೇ ಸಂಜೆ ಅವನ ಬಟ್ಟೆಯ ಗಂಟು ನನಗೆ ಬಂತು.
ನಾಲ್ಕು ಅಂಗಿ. ಕಾಲರು ಮಗುಚಿದೆ.

ಕೊಕ್ಕೆ. ಮೂರು ಚುಕ್ಕಿ.

ಇಸ್ತ್ರಿಪೆಟ್ಟಿಗೆಯ ಕೆಂಡ ಆರುವವರೆಗೆ ಕೂತಿದ್ದೆ.
ದೊರೆಯ ಮೇಲೆ ದೊರೆಗೆ ದೂರು, ಅದೂ ನನ್ನ ಬಾಯಿಂದ!
ಬೆಳಗ್ಗೆ ಕ್ಲಬ್ಬಿನ ಹಿಂದಿನ ಹಗ್ಗಕ್ಕೆ ಎರಡು ಅಂಗಿ ಹಾಕಿದೆ,
ಸತ್ತವನದೊಂದು, ಇವನದೊಂದು, ತೋಳಿಗೆ ತೋಳು ತಾಗಿಸಿ,
ಒಳಮೈ ಹೊರಗೆ, ಕಾಲರು ಎತ್ತಿ.
ಜೇನುಹುಳುಗಳು ಬಂದು ಮೂಸಿ ಹೋದವು.
ದೊರೆಸಾನಿಯರು ಹಾದು ಹೋದರು; ಅವರಿಗೆ ಅದು ಬಟ್ಟೆ.
ಹತ್ತು ಗಂಟೆಗೆ ಅವನು ಬಂದ. ನಿಂತ.
ಕೈಯ ಕಿತ್ತಳೆ ಹಾಗೇ ಉಳಿಯಿತು.
ನಾನು ಗಂಜಿ ಕಲಕುತ್ತಿದ್ದೆ. ತಲೆ ಎತ್ತದೆ ನೆರಳನ್ನೇ ನೋಡಿದೆ.
ನೆರಳು ಟೊಪ್ಪಿ ತೆಗೆಯಿತು.
“ನಿನಗೆ ಓದಲು ಬರುತ್ತದೋ?” ಮುರುಕು ಕನ್ನಡ.
“ಇಲ್ಲ ದೊರೆ,” ಅಂದೆ. ಅದು ಸುಳ್ಳೂ ಅಲ್ಲ.

ಮರುದಿನ ಮೊಯ್ದು ಮನೆಗೆ ಬಂದ. ಎದೆನೋವಿನ ಸಾವು
ಅಂತ ಕಾಗದವಾಯಿತು. ಬಾಟಲಿ, ಲಕೋಟೆ ಎಲ್ಲಿ ಹೋದವೋ.
ಪೆನ್ರಿ ದೊರೆ ಬಟ್ಟೆ ಕೇಳದೆಯೇ ಕಾರು ಹತ್ತಿದ.

ಕೊಂದವರು ಯಾರು? ಇವನೋ, ಇನ್ನೊಬ್ಬನೋ,
ಇಬ್ಬರೂ ಒಂದೇ ಕಡೆಯವರೋ, ಬೇರೆ ಬೇರೆಯೋ,
ನನಗೇನು ಗೊತ್ತು.
ಯಾರ ಅಂಗಿ ಯಾವ ನೀರಲ್ಲಿ ನೆನೆದಿತ್ತು, ಅಷ್ಟೇ ಗೊತ್ತು.
ಹನ್ನೊಂದು ಅಂಗಿ, ಹನ್ನೊಂದಾಣೆ ಬಾಕಿ. ಬರಲಿಲ್ಲ.

ಉತ್ತಯ್ಯನ ಕೈಯಲ್ಲಿ ಮೈದುನನಿಗೆ ಕಾಗದ ಬರೆಸಿದೆ:
ನಿನ್ನ ಕೊಕ್ಕೆ ಇಲ್ಲಿಯವರೆಗೂ ಬಂತು,
ನೀನು ಬರಲು ಏನು ಕಷ್ಟ.
ಕೊಕ್ಕೆ ಅಂದರೇನು ಅಂತ ಉತ್ತಯ್ಯ ಪೆನ್ನು ನಿಲ್ಲಿಸಿದ.
ನಮ್ಮ ಮನೆ ಮಾತು, ನೀವು ಬರೆಯಿರಿ, ಅಂದೆ.