ಅಲೆ ರಿಪೇರಿ

ಸಾವ್ ಪಾಲೊದಾಗ ಇಳಿದ ಕೂಡ್ಲೆ
ನನ್ನ ಮಣ್ಣು ಹಿಡಿದ್ರು.
ಕೋಟೆ ಮಣ್ಣದು, ಬಿಸಿಲು ಮಳಿ ಕಾಣದ ಮೂಲ್ಯಾಗಿಂದು,
ಚಹಾಪುಡಿ ಡಬ್ಬಿಯಾಗ ತುಂಬಿ
ಶಾಲಿನಾಗ ಸುತ್ತಿ ಒಯ್ದಿದ್ದೆ.
ಏನಿದು ಅಂತ ಸನ್ನಿ ಮಾಡಿ ಕೇಳಿದ. ಹ್ಯಾಂಗ ಹೇಳ್ಲಿ?
ಒಂದು ಚಿಟಿಕಿ ನಾಲಿಗಿ ಮ್ಯಾಲ ಇಟ್ಟು ತೋರಿಸ್ದೆ,
ರುಚಿ ಹತ್ತಿದ್ರ ಅಸಲಿ, ಸಪ್ಪಗಿದ್ರ ಸುಳ್ಳು.
ಕೈಗವಸಿನ ಹುಡುಗ ಎರಡು ಹೆಜ್ಜಿ ಹಿಂದ ಸರದ.
ಡಬ್ಬಿ ವಾಪಸ್ ಕೊಟ್ಟ, ಬರೀದು.

ರಿಯೊದಾಗ ಹತ್ತು ದಿನದ ಮೇಳ.
ಇಲಾಖೆ ಚೀಟಿನ್ಯಾಗ ನನ್ನ ಹೆಸರು:
ಖಮರ್ ಸುಲ್ತಾನಾ, ಬಿದರಿ ಕಲೆ, ಒಬ್ಬರು.
ಬೆಳ್ಳಿ ತಂತಿ ಕೂಡಿಸಿದೆ, ತಿಕ್ಕಿದೆ,
ಅವರೂರ ಕೆಂಪು ಮಣ್ಣಿಗೆ ನವಸಾಗರ ಹಾಕಿ ಕುದಿಸಿದೆ.
ಹೂಜಿ ಕಪ್ಪಾಗಲಿಲ್ಲ.
ಬೂದಿ ಬಣ್ಣ ಹಿಡಕೊಂಡು ಹಂಗೇ ಕುಂತಿತ್ತು,
ಮಳಿ ಬರ್ತೀನಿ ಬರ್ತೀನಿ ಅನ್ನೋ ಮುಗಿಲಿನ ಹಂಗ.
ಮಂದಿ ಚಂದ ಅದ ಅಂದ್ರು.
ಚಂದ ಅಂದಷ್ಟೂ ನಂಗ ನಾಚಿಕಿ.

ಶಹರ ತೋರಿಸಿದ್ರು.
ಗುಡ್ಡದ ನೆತ್ತಿ, ತಂತಿ ಮ್ಯಾಲ ತೂಗೋ ಡಬ್ಬಿ,
ನಡುರಾತ್ರಿಗೂ ಡೋಲು ಬಾರಿಸೋ ಓಣಿ.
ಪೇರಲ ಕೊಯ್ದು ಕೊಟ್ರು, ಉಪ್ಪು ಖಾರ ಕೇಳಿದ್ರ ನಕ್ಕರು.
ಬೀದರ ಪೇರಲದ ಮುಂದ ಅದು...
ಇರ್ಲಿ, ಅದು ಬ್ಯಾರೆ ಜಗಳ.

ಕಡೀ ದಿನ ಸಂಜಿಗೆ ಒಬ್ಬಾಕಿನೇ ದಂಡಿಗೆ ಹೋದೆ.
ಸಮುದ್ರಕಿಂತ ಮೊದಲು ಕಾಲಾಗಿಂದು ಕಂಡಿತು.
ಯಾ ಅಲ್ಲಾಹ್!
ಕರೀ ಕಲ್ಲು, ಬಿಳೀ ಕಲ್ಲು, ಅಲೆ, ಮತ್ತ ಅಲೆ,
ಹರದಾರಿ ಉದ್ದ ಯಾರೋ ಬಿದರಿ ಕೆಲಸ ಹಾಸ್ಯಾರ,
ಮಂದಿ ಅದರ ಮ್ಯಾಲ ಐಸ್‌ಕ್ರೀಮ್ ಸೋರಿಸ್ಕೊಂತ ನಡದಾರ.
ನಾ ಚಪ್ಪಲಿ ಕಳದು ಕೈಯಾಗ ಹಿಡಿದೆ.

ಒಂದು ಕಡಿ ಅಲೆ ಮುರಿದಿತ್ತು.
ಮುದುಕನೊಬ್ಬ ಮೊಣಕಾಲೂರಿ ಕಲ್ಲು ಕೂಡಿಸ್ತಿದ್ದ,
ಸುತ್ತಿಗಿ ಟಕ್ ಟಕ್, ಒಂದೀಟು ನಿಂತು, ಟಕ್.
ಆ ನಿಲ್ಲೋದು ನಂಗೊತ್ತು.
ಅಬ್ಬಾನ ಸುತ್ತಿಗೀನೂ ಅಲ್ಲೇ ನಿಲ್ತಿತ್ತು,
ತಂತಿ ಕುಂತದೋ ಇಲ್ಲೋ ಕೇಳ್ಕೊಳ್ಳಾಕ.

ಎದುರಿಗೆ ಕುಂತೆ. ಇಬ್ಬರಿಗೂ ಕೂಡೋ ಮಾತು ಒಂದೂ ಇಲ್ಲ.
ಕರೀ ಕಲ್ಲೊಂದು ಅಂಗೈಯಾಗ ಇಟ್ಟ,
ಎಲ್ಲಿಡ್ತಿ, ಇಡು ನೋಡೋಣು ಅನ್ನೋ ಕಣ್ಣು.
ಬಾಗಿದ ಕಡಿ ಸಂದಿ ನೋಡಿ ಇಟ್ಟೆ.
ಅವ ಅದನ್ನ ತೆಗೆದ, ಬೆಳಕಿಗೆ ಹಿಡಿದ, ತಿರುವಿದ,
ಮತ್ತ ಅಲ್ಲೇ ಇಟ್ಟ.
ಉಸ್ತಾದ ಎಲ್ಲಿದ್ರೂ ಉಸ್ತಾದನೇ.
ದೀಪ ಹತ್ತೋತನಾ ಹನ್ನೊಂದು ಕಲ್ಲು.
ಎರಡು ಮಾತ್ರ ಕಿತ್ತು ಒಗೆದ.

ಈಗ ಚೌಬಾರಾದಾಗ ಸಿಕ್ಕವರದೆಲ್ಲ ಒಂದೇ ಸವಾಲು,
ಸಮುದ್ರ ಹ್ಯಾಂಗದ ಖಮರ್ ಆಪಾ?
ಮಾಂಜ್ರಾ ಕಾರಂಜಾ ಬಿಟ್ರ
ಬ್ಯಾರೆ ನೀರು ಕಾಣದ ಮಂದಿ,
ಏನಂತ ಹೇಳ್ಲಿ?
ಸದ್ದು ಕೇಳ್ತಿತ್ತು, ಬೆನ್ನ ಹಿಂದ ಇತ್ತು.
ನಂಗ ಕೈಯಾಗ ಕೆಲಸ ಇತ್ತು.