ಐದನೇ ವರ್ಷದ ಫಾರಂ

ಬಳ್ಳಾರಿ, ಕೌಲ್ ಬಜಾರು, ಎರಡನೇ ಮಹಡಿ.
ಹನ್ನೆರಡು ಮಷೀನು. ಗಾಳಿಯಲ್ಲಿ ನೀಲಿ ನೂಲಿನ ಧೂಳು.
ಮೂವತ್ತೇಳನೇ ಕೇಸು: ಎರ್ರಿಸ್ವಾಮಿ, ನಲವತ್ತೊಂದು,
ಹೆಪಟೈಟಿಸ್ ಬಿ, ಲಿವರ್ ಕಸಿ.
ನಾನು ಕೇಳಬೇಕಾದ್ದು ಒಂದೇ ಪ್ರಶ್ನೆ, ಖಾನೆ ಮೂರು:
ಇದ್ದಾರೆ. ಇಲ್ಲ. ಸಂಪರ್ಕ ತಪ್ಪಿದೆ.

"ಹೋದ ದಸರಾ ಮುಂದ ಹೋದ," ಎಂದರು ಪಂಪಕ್ಕ,
ಜೀನ್ಸಿನ ಕಾಲಂಚು ಮಡಿಸುತ್ತಲೇ.
"ಲಿವರ್ ಚಲೋನೇ ಇತ್ತು. ಜ್ವರ ಒಂದು ನೆವ."

ಗೀಟು ಎಳೆದೆ. ಎದ್ದೆ.

"ಕೊಟ್ಟಾಕೀನ ಏನೂ ಕೇಳಂಗಿಲ್ಲೇನು?"
ಸೀಮೆಸುಣ್ಣ ತಗೊಂಡು ಮೇಜಿನ ಮೇಲಿನ ಬಟ್ಟೆಗೆ
ಎಳೆದು ತೋರಿಸಿದರು: ಎದೆಗುಂಡಿಯಿಂದ ಇಳಿದು
ಬಲಕ್ಕೆ ಹೊರಳಿದ ಹಾಕಿ ಕೋಲು.
"ಮೂವತ್ತು ಹೊಲಿಗಿ. ನಮ್ಮ ಹುಡುಗ್ರು ಹಿಂಗ ಹಾಕಿದ್ರ
ಮಾಲು ವಾಪಸ್ ಬರ್ತೈತಿ."

ನಕ್ಕೆ. ಅವರು ನಗಲಿಲ್ಲ.

"ಅರ್ಧಕ್ಕಿಂತ ಹೆಚ್ಚು ಕಾರ್ಜ ಕೊಯ್ದ್ರು.
ಮೂರು ತಿಂಗಳಾಗ ಇಬ್ಬರಿಗೂ ತುಂಬಿಕೊಂಡು ಬಂತು.
ಅಳತಿ ಬಂತು, ಆಕಾರ ಬರಲಿಲ್ಲ ಅಂದ್ರು ಸ್ಕ್ಯಾನ್ ನೋಡಿ.
ಹಂಗಾದ್ರ ನೀನ ಹೇಳು ತಮ್ಮಾ,
ಓದಿದವ ಅದಿ,
ಮಣ್ಣಿಗೆ ಹೋದದ್ರಾಗ ನಂದೆಷ್ಟು, ಅವಂದೆಷ್ಟು?"

ಫಾರಂ ತಿರುಗಿಸಿದೆ. ಹಿಂಬದಿ ಖಾಲಿ.
ದಾನಿ: ಅಕ್ಕ, ಎಂದು ಬರೆದು ನಿಂತೆ.
ಮುಂದಿನದಕ್ಕೆ ಗ್ರಾಮೋ, ಮೊಳವೋ, ಮಾರೋ
ಗೊತ್ತಾಗಲಿಲ್ಲ.

"ಇರು," ಎಂದು
ನನ್ನ ಚೀಲದಿಂದ ಜೋತಿದ್ದ ದಾರವನ್ನು
ಹಲ್ಲಿನಲ್ಲಿ ಕಡಿದರು,
ತುಣುಕು ಉಗುಳಿ
ಮಷೀನಿಗೆ ಕಾಲು ಕೊಟ್ಟರು.