ಬಲೆ, ಬಳೆ

ಗಾಂಧಿ ಬಜಾರಿನ ಖಲೀಲ್ ಸಾಹೇಬರು
ಅಟ್ಟದಿಂದ ನಾಲ್ಕು ಬಲೆ ಇಳಿಸಿದರು,
ಧೂಳು ಕೊಡವಿ ಗಾಜಿನ ಮೇಲೆ ಹರಡಿದರು
ಮದುವೆ ಸೀರೆ ತೋರಿಸುವವರ ಹಾಗೆ.
‘ಈಜುಕೊಳದ್ದು ತಾನೆ? ಇದು ತಗೊ ಚೌಡಮ್ಮ,
ಇನ್ನೂರ ನಲವತ್ತು. ಎಲ್ಲರೂ ಇದನ್ನೇ ಒಯ್ಯೋದು.’

ಎಲ್ಲರೂ ಒಯ್ದದ್ದನ್ನೇ ನಾನೂ ಒಯ್ದಿದ್ದೆ, ಸಾಹೇಬರೇ,
ಹೋದ ವರ್ಷ.

ಮಳೆಮರದ ಕೆಳಗೆ ಕೊಳ ಕಟ್ಟಿಸಿದ ಪುಣ್ಯಾತ್ಮ ಯಾರೋ!
ಬೆಳಗಿನ ಐದಕ್ಕೆ ದೀಪ ಹಾಕಿದರೆ
ನೀರು ಕಾಣುವುದಿಲ್ಲ, ಎಲೆ ಕಾಣುತ್ತದೆ.
ಎಲೆ ಮಾತ್ರವೇ?
ಮೊದಲ ಮಳೆಯ ಮಾರನೆ ದಿನ ಗೆದ್ದಲ ರೆಕ್ಕೆ ಬೊಗಸೆಗಟ್ಟಲೆ,
ಕೂದಲ ಉಂಡೆ, ಗಾಯಕ್ಕೆ ಹಚ್ಚಿದ ಪಟ್ಟಿ,
ಒಮ್ಮೆ ಒಂದು ಹಾಲುಹಲ್ಲು.
ಯಾರ ಬಾಯಿಂದ ಉದುರಿತೋ, ಒರೆಸಿ
ಟಿಕೆಟ್ ಕಿಟಕಿಯಲ್ಲಿಟ್ಟೆ. ಕೇಳಿಕೊಂಡು ಯಾರೂ ಬರಲಿಲ್ಲ.

ನಮ್ಮಜ್ಜಿ ತುಂಗೆಯ ದಡದಲ್ಲಿ ಬಲೆ ಹೆಣೆದವಳು.
ಕಣ್ಣು ಅಂದರೆ ಅವಳಿಗೆ ಮುಖದ ಮೇಲಿನದಲ್ಲ,
ಗಂಟು ಗಂಟಿನ ನಡುವೆ ಬೆರಳು ತೂರುವ ಜಾಗ.
ಸಣ್ಣದನ್ನು ಬಿಡು, ಅನ್ನುತ್ತಿದ್ದಳು, ಅದು ನಾಳೆಯದು.
ನನ್ನ ಕೆಲಸ ತಲೆಕೆಳಗು:
ಸಣ್ಣದೇ ಬೇಕು ನನಗೆ,
ನೀರನ್ನಷ್ಟೇ ಬಿಡಬೇಕು.

ಮೊದಲನೆಯದರ ಕಣ್ಣು ಸರಿ, ದಾರ ಸರಿಯಿಲ್ಲ.
ಕ್ಲೋರಿನ್ನಿಗೆ ಇದು ಎರಡು ತಿಂಗಳ ತುತ್ತು;
ನನ್ನ ಉಗುರನ್ನೇ ತಿಂದಿದೆ ಅದು, ನೋಡಿ.
ಇನ್ನೊಂದು ಚೀಲದಂತೆ ಆಳ, ಒಳ್ಳೆಯದೇ,
ಆದರೆ ಹೊಲಿಗೆ ಅಂಚಿನ ಹೊರಗೆ.
ಗೋಡೆಗೆ ಉಜ್ಜಿ ಉಜ್ಜಿ ಮೊದಲು ಸವೆಯುವುದೇ ಅಲ್ಲಿ.
ಮತ್ತೊಂದಕ್ಕೆ ಕಬ್ಬಿಣದ ಮೊಳೆ. ಬೇಡ.
ಬಿಳಿ ಟೈಲ್ಸಿನ ಮೇಲೆ ತುಕ್ಕಿನ ಚುಕ್ಕೆ ಬಿದ್ದರೆ
ಮಂಡಿಯೂರಿ ತಿಕ್ಕುವವಳು ನಾನೇ ತಾನೆ.

ಕಡೆಯದನ್ನು ಕಿವಿಯ ಹತ್ತಿರ ಹಿಡಿದೆ.
ಅಲ್ಯೂಮಿನಿಯಮ್ ಬಳೆ. ಉಗುರಿಂದ ತಟ್ಟಿದೆ
ಬಳೆಗಾರ ತಟ್ಟುವ ಹಾಗೆ.
ಸಾಹೇಬರಿಗೆ ನಗು:
‘ಬಲೆ ಕೊಳ್ಳೋಕೆ ಬಂದೆಯೋ, ಬಳೆ ತೊಡೋಕೋ?’

ಬಲೆ ಹರಿದರೆ ಹೊಲಿದೇನು, ಸಾಹೇಬರೇ.
ಬಳೆ ಕಿತ್ತು ಬಂದರೆ?

ಏಪ್ರಿಲ್ ಶಿಬಿರ. ಎಂಟಡಿ ಆಳದ ಕಡೆ
ನೀಲಿ ಟೋಪಿಯ ಹುಡುಗಿ ಒಂದು ಗಳಿಗೆ ಈಜು ಮರೆತಳು.
ಕೂಗಲಿಲ್ಲ. ಮುಳುಗುವ ಬಾಯಿಗೆ ಕೂಗಲು ಬಿಡುವಿಲ್ಲ.
ಎಲೆ ಎತ್ತುತ್ತಿದ್ದೆ; ಅದನ್ನೇ ಚಾಚಿದೆ.
ಹಿಡಿದಳು. ಎಳೆದೆ.
ಕೋಲು ನನ್ನ ಕೈಗೆ ಬಂತು,
ಬಳೆ ಅವಳ ಕೈಯಲ್ಲೇ ಉಳಿಯಿತು.

ಕೋಚ್ ಅರುಣಾಚಲ ಹಾರಿದ, ಎತ್ತಿದ, ಆಯಿತು.
ಮಾರನೆ ದಿನ ಐಸ್‌ಕ್ಯಾಂಡಿ ಚೀಪುತ್ತ ಬಂದಳು ಹುಡುಗಿ.
ರಿಜಿಸ್ಟರಿನಲ್ಲಿ ಬರೆದದ್ದು ಇಷ್ಟೇ:
‘ಬಲೆ ಒಂದು. ಮುರಿದಿದೆ.’

ಅಂಗಡಿಯ ಹುಡುಗನನ್ನು ಕರೆದೆ. ಬಾರೋ ಸುಹೇಲ,
ಈ ಗೋಣಿಚೀಲದ ಮೇಲೆ ಕೂರು, ಬಳೆ ಹಿಡಿ, ಬಿಡಬೇಡ.
ಸಾಹೇಬರ ಮುಖ ನೋಡಿದ, ಕೂತ.
ಪೇಂಟಿನ ಡಬ್ಬಿಗಳ ನಡುವೆ, ಪೈಪುಗಳ ಪಕ್ಕದಲ್ಲಿ
ಹೊಸಿಲಿನ ತನಕ ಎಳೆದುಕೊಂಡು ಹೋದೆ ಅವನನ್ನು,
ತಿರುಗಿ ಗಲ್ಲಾದ ತನಕ.
‘ಇನ್ನೊಂದ್ಸಲ ಅಕ್ಕಾ’ ಅಂದ.
ತಿರುಪು ಅಲುಗಲಿಲ್ಲ.

ಸಾವಿರದ ನೂರೈವತ್ತು.
ಮ್ಯಾನೇಜರ್ ಶಂಭುಲಿಂಗಯ್ಯ ರಸೀದಿಯನ್ನು
ಕನ್ನಡಕದ ಮೇಲಿಂದಲೂ ಓದಿದರು, ಕೆಳಗಿಂದಲೂ.
‘ಎಲೆ ಎತ್ತೋಕೆ ಇಷ್ಟು ದುಡ್ಡಾ?’

ಲೆಕ್ಕ ಹೇಳಲಿಲ್ಲ ನಾನು.
ಮೇಜಿನ ಈಚೆಯಿಂದ, ಫೈಲುಗಳ ಮೇಲೆ ಹಾಯಿಸಿ,
ಬಳೆಯ ತುದಿ ಅವರತ್ತ ಚಾಚಿದೆ.
ಹಿಡ್ಕಳಿ ಸಾರ್, ಅಂದೆ.
ಗಟ್ಟಿಯಾಗಿ.